ನಗರದ ಮಲೇರಿಯಾ ಸೊಳ್ಳೆ: ತಾರಸಿಯ ಟ್ಯಾಂಕಿನಿಂದ ಜೀನ್ ಡ್ರೈವ್‌ವರೆಗೆ

ಮಲೇರಿಯಾ ಎಂದರೆ ಚರಂಡಿ, ಕೊಚ್ಚೆ, ಕಸದ ರಾಶಿ ಎಂದು ಊರಿಗೆ ಊರೇ ನಂಬಿಕೊಂಡಿದೆ. ಆದರೆ ಚರಂಡಿಯಲ್ಲಿ ಹುಟ್ಟುವುದು ಬಹುಪಾಲು ಕ್ಯೂಲೆಕ್ಸ್ ಸೊಳ್ಳೆ. ರಾತ್ರಿಯಿಡೀ ಕಿವಿಯ ಬಳಿ ಗುಂಯ್‌ಗುಡುವ ಅದು ಆನೆಕಾಲು ರೋಗವನ್ನು ಹರಡಬಲ್ಲದೇ ಹೊರತು ಮಲೇರಿಯಾವನ್ನಲ್ಲ. ನಮ್ಮ ನಗರಗಳಲ್ಲಿ ಮಲೇರಿಯಾ ಹಂಚುವುದು ಅನಾಫಿಲಿಸ್ ಸ್ಟೀಫೆನ್ಸಿ. ಇದಕ್ಕೆ ಬೇಕಾದದ್ದು ತಿಳಿನೀರು: ತಾರಸಿಯ ಟ್ಯಾಂಕು, ನೆಲದೊಳಗಿನ ಸಂಪು, ಬಾವಿ, ಕಾರಂಜಿ, ಕಟ್ಟಡ ಏಳುವ ಜಾಗದ ಡ್ರಮ್ಮು, ಸ್ಲ್ಯಾಬಿನ ಮೇಲೆ ನಿಲ್ಲಿಸಿದ ಕ್ಯೂರಿಂಗ್ ನೀರು. ಮಂಗಳೂರಿನಲ್ಲಿ ಕಟ್ಟಡಗಳ ಜೊತೆಜೊತೆಗೇ ಮಲೇರಿಯಾ ಏಕೆ ಏರಿತು ಎಂದು ತಿಳಿಯಲು ಕೊಚ್ಚೆಗೆ ಇಳಿಯಬೇಕಾಗಿಲ್ಲ, ಏಣಿ ಹತ್ತಬೇಕು.

ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಈ ಒಂದು ಸೊಳ್ಳೆಯ ವಂಶವಾಹಿಗಳ ಮೇಲೆ ಅಪಾರ ಕೆಲಸ ನಡೆದಿದೆ. ಒಂದು ಜೀನನ್ನು ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ದಾಟಿಸುವ ತಂತ್ರಕ್ಕೆ ಜೀನ್ ಡ್ರೈವ್ ಎನ್ನುತ್ತಾರೆ. ಕ್ಯಾಸ್9 ಎಂಬ ಜೀನ್ ಕತ್ತರಿ ಬಳಸಿದ ಮೊದಲ ಜೀನ್ ಡ್ರೈವ್ ಸೊಳ್ಳೆ ತಯಾರಾದದ್ದು ಇದೇ ಪ್ರಭೇದದಲ್ಲಿ. ಹಾಗಾದರೆ ಇನ್ನು ಟ್ಯಾಂಕು ಮುಚ್ಚುವ, ಡ್ರಮ್ಮು ಬೋರಲು ಹಾಕುವ ಹಳೆಯ ಕೆಲಸ ಬೇಕಿಲ್ಲವೇ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಉತ್ತರ ತಿರುವುಮುರುವಾಗಿದೆ: ಸೊಳ್ಳೆ ಕಡಿಮೆ ಇರುವ ಕಡೆಯಲ್ಲೇ ವಂಶವಾಹಿ ತಂತ್ರಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಅದು ಹೇಗೆ ಎಂದು ಬಿಡಿಸಿ ನೋಡೋಣ.

ಹತ್ತು ದಿನದ ಲೆಕ್ಕ

ಹೆಣ್ಣು ಸೊಳ್ಳೆ ಒಮ್ಮೆ ರಕ್ತ ಹೀರಿದರೆ ಎರಡು ಮೂರು ದಿನದಲ್ಲಿ ಸುಮಾರು ನೂರು ಮೊಟ್ಟೆಗಳನ್ನು ನೀರಿನ ಮೇಲೆ ಬಿಡಿಬಿಡಿಯಾಗಿ ಇಡುತ್ತದೆ. ಪ್ರತಿ ಮೊಟ್ಟೆಯ ಎರಡೂ ಬದಿಗೆ ಗಾಳಿ ತುಂಬಿದ ತೇಲುಪಟ್ಟಿ ಇರುತ್ತದೆ. ನಮ್ಮ ಸೆಕೆಗೆ ಎರಡು ದಿನದಲ್ಲಿ ಲಾರ್ವಾ ಹೊರಬರುತ್ತದೆ, ನಾಲ್ಕು ಬಾರಿ ಪೊರೆ ಕಳಚಿ ಪ್ಯೂಪಾ ಆಗುತ್ತದೆ, ಪ್ಯೂಪಾ ಎರಡು ದಿನದಲ್ಲಿ ಸೊಳ್ಳೆಯಾಗುತ್ತದೆ. ಒಟ್ಟು 8ರಿಂದ 12 ದಿನ. ವಾರಕ್ಕೊಮ್ಮೆ ನೀರು ಖಾಲಿ ಮಾಡಿ ಒಣಗಿಸಿ ಎನ್ನುವುದು ಈ ಲೆಕ್ಕದಿಂದ ಬಂದದ್ದು. ಹತ್ತು ದಿನಕ್ಕೊಮ್ಮೆ ಎಂದು ಸಡಿಲ ಬಿಟ್ಟರೆ ಒಂದು ಪೀಳಿಗೆ ಹಾರಿಹೋಗಿರುತ್ತದೆ.

ಟ್ಯಾಂಕಿನಲ್ಲಿ ಗುರುತು ಹಿಡಿಯುವುದು ಸುಲಭ. ಅನಾಫಿಲಿಸ್ ಲಾರ್ವಾಕ್ಕೆ ಉಸಿರುಕೊಳವೆ ಇಲ್ಲ, ಹಾಗಾಗಿ ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುತ್ತದೆ. ಡೆಂಗಿ ಹರಡುವ ಈಡಿಸ್‌ದಾಗಲಿ ಕ್ಯೂಲೆಕ್ಸ್‌ದಾಗಲಿ ತಲೆ ಕೆಳಗಾಗಿ ಓರೆಯಾಗಿ ನೇತಾಡುತ್ತದೆ. ಮುಚ್ಚಳ ತೆರೆದು ಒಂದು ಕ್ಷಣ ಇಣುಕಿ, ಏನೂ ಇಲ್ಲ ಎಂದು ಬರೆದುಕೊಂಡು ಹೋಗುವುದು ತಪಾಸಣೆಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ನೆರಳು ಬಿದ್ದೊಡನೆ ಲಾರ್ವಾಗಳು ತಳಕ್ಕೆ ಇಳಿಯುತ್ತವೆ. ಎರಡು ಮೂರು ನಿಮಿಷ ಅಲುಗಾಡದೆ ಕಾಯಬೇಕು, ಟಾರ್ಚ್ ಬೆಳಕನ್ನು ಓರೆಯಾಗಿ ಬಿಡಬೇಕು, ಬಳಿಕ ಅಂಚಿನ ಕಡೆಯಿಂದ ಸೌಟು ಅದ್ದಬೇಕು.

ಇನ್ನೊಂದು ಲೆಕ್ಕ ಪರಾವಲಂಬಿಯದು. ರೋಗಿಯ ರಕ್ತ ಹೀರಿದ ಸೊಳ್ಳೆ ಆ ಕ್ಷಣದಿಂದಲೇ ರೋಗ ಹರಡುವುದಿಲ್ಲ. ಮಲೇರಿಯಾ ತರುವ ಪರಾವಲಂಬಿ ಪ್ಲಾಸ್ಮೋಡಿಯಂ ಅದರ ಹೊಟ್ಟೆಯ ಗೋಡೆಯನ್ನು ದಾಟಿ, ಬೆಳೆದು, ಜೊಲ್ಲುಗ್ರಂಥಿಗೆ ತಲುಪಲು ಸುಮಾರು 10ರಿಂದ 14 ದಿನ ಬೇಕು. ಹೆಚ್ಚಿನ ಸೊಳ್ಳೆಗಳು ಅಷ್ಟು ದಿನ ಬದುಕುವುದೇ ಇಲ್ಲ. ಆದ್ದರಿಂದ ಒಂದು ಊರಿನ ಮಲೇರಿಯಾವನ್ನು ನಡೆಸುವುದು ಮುದಿ ಹೆಣ್ಣು ಸೊಳ್ಳೆಗಳ ಒಂದು ಸಣ್ಣ ಗುಂಪು. ಫಾಗಿಂಗ್ ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ಗೋಡೆಯ ಮೇಲೆ ಏನೂ ಉಳಿಸುವುದಿಲ್ಲ. ಬೀದಿ ತುಂಬ ಹೊಗೆ ಕಂಡರೆ ಜನಕ್ಕೆ ಸಮಾಧಾನವಾಗುತ್ತದೆ, ಆದರೆ ಮರುದಿನ ಟ್ಯಾಂಕಿನಿಂದ ಹೊಸ ಸೊಳ್ಳೆಗಳು ಏಳುತ್ತವೆ.

ಮೊಟ್ಟೆಯ ಗೆರೆ, ವರ್ಣತಂತುವಿನ ತಿರುವು

ಈ ಸೊಳ್ಳೆಯನ್ನು 1901ರಲ್ಲಿ ಲಿಸ್ಟನ್ ಮೊದಲು ವಿವರಿಸಿದರು. 1937ರಲ್ಲಿ ಸ್ವೀಟ್ ಮತ್ತು ರಾವ್ ಇದರೊಳಗೇ ಬೇರೆ ಬೇರೆ ಬಗೆಗಳಿವೆ ಎಂದು ಮೊಟ್ಟೆ ನೋಡಿ ತೋರಿಸಿದರು. ತೇಲುಪಟ್ಟಿಯ ಮೇಲಿನ ಅಡ್ಡಗೆರೆಗಳನ್ನು ಎಣಿಸಿದರೆ ಕೆಲವದರಲ್ಲಿ ಹೆಚ್ಚು, ಕೆಲವದರಲ್ಲಿ ಕಡಿಮೆ. ಹೆಚ್ಚು ಗೆರೆಯದು ಟೈಪ್, ಕಡಿಮೆ ಗೆರೆಯದು ಮೈಸೊರೆನ್ಸಿಸ್. ಆಮೇಲೆ ಇವೆರಡರ ನಡುವಿನದೂ ಒಂದು ಸೇರಿತು. ಈಗ ಬಳಕೆಯಲ್ಲಿರುವ ಎಣಿಕೆಯ ಪ್ರಕಾರ ಟೈಪ್‌ಗೆ 14–22, ನಡುವಿನದಕ್ಕೆ 12–17, ಮೈಸೊರೆನ್ಸಿಸ್‌ಗೆ 9–15 ಗೆರೆ. ಅಂಕಿಗಳು ಒಂದರ ಮೇಲೊಂದು ಹಾಯುತ್ತವೆ, ಆದ್ದರಿಂದ ಒಂದೆರಡು ಮೊಟ್ಟೆ ನೋಡಿ ತೀರ್ಮಾನಿಸುವಂತಿಲ್ಲ. ಒಂದೊಂದು ಹೆಣ್ಣನ್ನೂ ಬೇರೆ ಬೇರೆ ಮೊಟ್ಟೆಯಿಡಿಸಿ ಪ್ರತಿಯೊಂದರ ಹತ್ತಾರು ಮೊಟ್ಟೆ ಎಣಿಸಬೇಕು. ಈ ಬೇಸರದ ಕೆಲಸಕ್ಕೆ ಬೆಲೆಯಿದೆ. ಭಾರತದಲ್ಲಿ ಟೈಪ್ ಬಗೆ ನಗರವಾಸಿ, ಮಲೇರಿಯಾ ಹರಡುವುದರಲ್ಲಿ ಗಟ್ಟಿಗ. ಮೈಸೊರೆನ್ಸಿಸ್ ಹಳ್ಳಿಯದು, ದನಗಳ ರಕ್ತಕ್ಕೆ ಒಲಿದದ್ದು, ನಮ್ಮಲ್ಲಿ ಮಲೇರಿಯಾ ಹರಡುವುದರಲ್ಲಿ ಅದರ ಪಾತ್ರ ಕಡಿಮೆ. ಸ್ಟೀಫೆನ್ಸಿ ಸಿಕ್ಕಿತು ಎಂದಷ್ಟೇ ವರದಿ ಬರೆದರೆ ಅರ್ಧ ಮಾಹಿತಿ ಕೊಟ್ಟಂತೆ.

ವಂಶವಾಹಿಗಳ ಮಟ್ಟದಲ್ಲಿ ಇದರ ಗಂಟು ಮೂರು ಜೋಡಿ ವರ್ಣತಂತುಗಳದು: ಲಿಂಗ ನಿರ್ಧರಿಸುವ ಎಕ್ಸ್–ವೈ ಜೋಡಿ, ಜೊತೆಗೆ 2 ಮತ್ತು 3. ಜೀನೋಮಿನ, ಅಂದರೆ ಇಡೀ ಡಿಎನ್‌ಎ ಬರಹದ, ಉದ್ದ ಸುಮಾರು 24 ಕೋಟಿ ಅಕ್ಷರ. ವರ್ಣತಂತುವಿನ ಒಂದು ತುಂಡು ಕಡಿದು ತಲೆಕೆಳಗಾಗಿ ಮರಳಿ ಕೂಡಿಕೊಂಡರೆ ಅದಕ್ಕೆ ಇನ್ವರ್ಶನ್ ಎನ್ನುತ್ತಾರೆ. ಸ್ಟೀಫೆನ್ಸಿಯಲ್ಲಿ ಬಹಳ ಕಡೆ ಕಾಣುವುದು 2ಆರ್‌ಬಿ ಎಂಬ ಇನ್ವರ್ಶನ್. ಆ ತುಂಡಿನೊಳಗಿನ ನೂರಾರು ಜೀನ್‌ಗಳು ಅದಲುಬದಲಾಗದೆ ಕಟ್ಟಾಗಿಯೇ ಮುಂದಿನ ಪೀಳಿಗೆಗೆ ಸಾಗುವುದರಿಂದ ಒಂದು ಪರಿಸರಕ್ಕೆ ಒಗ್ಗುವ ಗುಣಗಳು ಒಟ್ಟಿಗೆ ಉಳಿಯುತ್ತವೆ. ಇದನ್ನು ಕಣ್ಣಾರೆ ನೋಡಲು ರಕ್ತ ಹೀರಿ ಸುಮಾರು ಒಂದು ದಿನವಾದ, ಹೊಟ್ಟೆ ಅರ್ಧ ಮೊಟ್ಟೆ ತುಂಬಿದ ಹೆಣ್ಣಿನ ಅಂಡಾಶಯ ಬೇಕು. ಅಲ್ಲಿನ ಪೋಷಕ ಕೋಶಗಳಲ್ಲಿ ವರ್ಣತಂತುಗಳು ಪದೇಪದೇ ನಕಲಾಗಿ ದಪ್ಪನಾಗಿರುತ್ತವೆ. ಅಂಡಾಶಯವನ್ನು ಪ್ರೋಪಿಯೋನಿಕ್ ಆಮ್ಲದ ಹನಿಯಲ್ಲಿಟ್ಟು ಗಾಜಿನ ಕೆಳಗೆ ಒತ್ತಿದರೆ ಕಪ್ಪು ಬಿಳುಪು ಪಟ್ಟೆಗಳು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಒಂದು ಪ್ರತಿ ನೇರವಾಗಿ, ಇನ್ನೊಂದು ತಿರುವಾಗಿ ಇದ್ದರೆ ಜೋಡಿಗೂಡುವಾಗ ಕುಣಿಕೆಯಾಗುತ್ತದೆ. ರಕ್ತ ಹೀರಿದ ಸಮಯ ಕೆಲವು ಗಂಟೆ ಹಿಂದುಮುಂದಾದರೂ ಪಟ್ಟೆಗಳು ಓದಲಾಗದಷ್ಟು ಮಸುಕು. ಈಗ ಇದೇ ಕೆಲಸವನ್ನು ಡಿಎನ್‌ಎ ಓದಿ ಮಾಡಬಹುದು. ಮೊದಲ ಕರಡು ಜೀನೋಮ್ 2014ರಲ್ಲಿ ಬಂತು, 2021ರಲ್ಲಿ ವರ್ಣತಂತುವಿನುದ್ದಕ್ಕೂ ಜೋಡಿಸಿದ ಉತ್ತಮ ಆವೃತ್ತಿ ಬಂತು. ಬೆಂಗಳೂರಿನ ಐಬಿಎಬಿ ಮತ್ತು ಟಿಐಜಿಎಸ್ ಸಂಸ್ಥೆಗಳು ಭಾರತದ ತಳಿಗಳ ಜೀನೋಮ್ ಕೆಲಸದಲ್ಲಿ ತೊಡಗಿವೆ.

ಈ ಸೊಳ್ಳೆ ಈಗ ನಮ್ಮದು ಮಾತ್ರವಲ್ಲ. 2012ರಲ್ಲಿ ಆಫ್ರಿಕದ ಕೊಂಬಿನ ಜಿಬೂಟಿಯಲ್ಲಿ ಕಾಣಿಸಿಕೊಂಡಿತು. ಆ ವರ್ಷ ಅಲ್ಲಿ ವರದಿಯಾದ ಮಲೇರಿಯಾ ಪ್ರಕರಣ 27. 2020ರ ಹೊತ್ತಿಗೆ 73,000 ದಾಟಿತು. ಬಳಿಕ ಇಥಿಯೋಪಿಯಾ, ಸುಡಾನ್, ಸೊಮಾಲಿಯಾ, ನೈಜೀರಿಯಾ, ಕೀನ್ಯಾ, ಘಾನಾಗಳಲ್ಲೂ ಸಿಕ್ಕಿದೆ. ಆಫ್ರಿಕದ ಮಲೇರಿಯಾ ಬಹುಪಾಲು ಹಳ್ಳಿಯದು, ಮಳೆಗಾಲದ್ದು. ಸ್ಟೀಫೆನ್ಸಿಗೆ ಮಳೆಯೇ ಬೇಡ, ಮನುಷ್ಯ ಕೂಡಿಟ್ಟ ನೀರು ಸಾಕು. ಆ ಖಂಡದ ನಗರಗಳ ಇನ್ನೂ 12.6 ಕೋಟಿ ಜನ ಅಪಾಯದ ವ್ಯಾಪ್ತಿಗೆ ಬರಬಹುದೆಂದು 2020ರ ಒಂದು ಅಧ್ಯಯನ ಅಂದಾಜು ಮಾಡಿತು.

ಔಷಧ ಏಕೆ ಸೋಲುತ್ತದೆ

ಡಿಡಿಟಿಯೂ ಪೈರೆಥ್ರಾಯ್ಡ್‌ಗಳೂ ಸೊಳ್ಳೆಯ ನರದಲ್ಲಿ ಒಂದೇ ಜಾಗಕ್ಕೆ ಹೊಡೆಯುತ್ತವೆ: ಸೋಡಿಯಂ ಬಾಗಿಲು. ಬಾಗಿಲು ತೆರೆದೇ ಉಳಿದು, ನರ ಬಿಡದೆ ಮಿಡಿದು, ಸೊಳ್ಳೆ ಸೆಟೆದು ಬೀಳುತ್ತದೆ. ಆ ಬಾಗಿಲಿನ ಪ್ರೋಟೀನಿನ 1014ನೇ ಸ್ಥಾನದಲ್ಲಿ ಲ್ಯೂಸಿನ್ ಬದಲು ಫಿನೈಲಅಲನಿನ್ ಅಥವಾ ಸೆರಿನ್ ಬಂದರೆ ವಿಷ ಅಲ್ಲಿ ಸರಿಯಾಗಿ ಕಚ್ಚಿಕೊಳ್ಳದು. ಇದು ಕೆಡಿಆರ್ ರೂಪಾಂತರ. ಭಾರತದ ಸ್ಟೀಫೆನ್ಸಿಯಲ್ಲಿ ಎರಡೂ ಸಿಕ್ಕಿವೆ. ಡಿಡಿಟಿ ಕೆಲಸ ಮಾಡದೆಂದು ಪೈರೆಥ್ರಾಯ್ಡ್‌ಗೆ ಬದಲಿಸಿದರೆ ಕೆಲವೊಮ್ಮೆ ಮೊದಲ ದಿನದಿಂದಲೇ ಸೋಲು ಏಕೆಂದರೆ, ಹಳೆಯ ಔಷಧ ಆರಿಸಿಟ್ಟ ರೂಪಾಂತರವೇ ಹೊಸದಕ್ಕೂ ಅಡ್ಡ ನಿಲ್ಲುತ್ತದೆ. ಇನ್ನೊಂದು ದಾರಿ ಕಿಣ್ವಗಳದು: ಪಿ450 ಗುಂಪಿನ ಕಿಣ್ವಗಳು ಹೆಚ್ಚಾಗಿ ತಯಾರಾಗಿ ವಿಷ ಗುರಿ ಮುಟ್ಟುವ ಮುನ್ನವೇ ಒಡೆದುಹಾಕುತ್ತವೆ. ಹಾಗಿದ್ದಲ್ಲಿ ಆ ಕಿಣ್ವಗಳನ್ನು ತಡೆಯುವ ಪಿಬಿಒ ಎಂಬ ರಾಸಾಯನಿಕ ಸೇರಿಸಿದ ಸೊಳ್ಳೆಪರದೆ ಸ್ವಲ್ಪ ಮಟ್ಟಿಗೆ ನೆರವಾಗುತ್ತದೆ. ಬರೀ ಕೆಡಿಆರ್ ಇದ್ದರೆ ಆಗುವುದಿಲ್ಲ.

ಯಾವುದಿದೆ ಎಂದು ತಿಳಿಯದೆ ಔಷಧ ಬದಲಿಸುವುದು ಹಣ ಸುರಿಯುವ ಕೆಲಸ. ಪರೀಕ್ಷೆ ಸರಳ: 3ರಿಂದ 5 ದಿನದ, ರಕ್ತ ಹೀರದ ಹೆಣ್ಣುಗಳನ್ನು 0.05% ಡೆಲ್ಟಾಮೆಥ್ರಿನ್ ಕಾಗದ ಸುತ್ತಿದ ಕೊಳವೆಯಲ್ಲಿ ಒಂದು ಗಂಟೆ ಇಟ್ಟು, ತೆಗೆದು, ಸಕ್ಕರೆ ನೀರು ಕೊಟ್ಟು 24 ಗಂಟೆಯ ಬಳಿಕ ಎಣಿಸುವುದು. 98% ಅಥವಾ ಹೆಚ್ಚು ಸತ್ತರೆ ಔಷಧ ನಡೆಯುತ್ತದೆ, 90%ಕ್ಕಿಂತ ಕಡಿಮೆಯಾದರೆ ಪ್ರತಿರೋಧ ಖಚಿತ. ಮನೆಗಳಿಂದ ಹಿಡಿದು ತಂದ, ವಯಸ್ಸು ಗೊತ್ತಿಲ್ಲದ ಸೊಳ್ಳೆಗಳನ್ನೇ ನೇರವಾಗಿ ಕೊಳವೆಗೆ ಹಾಕಿದರೆ ಅಂಕಿಗೆ ಅರ್ಥವಿಲ್ಲ. ಮುದಿಯಾದವು ಸುಲಭವಾಗಿ ಸಾಯುತ್ತವೆ, ರಕ್ತ ಹೀರಿದವು ಹೆಚ್ಚು ತಾಳಿಕೊಳ್ಳುತ್ತವೆ. ಲಾರ್ವಾ ತಂದು ಸಾಕಿ ಪರೀಕ್ಷಿಸುವುದೇ ಸರಿ.

ನೀರಿನಲ್ಲೇ ಹಿಡಿಯುವುದು

ಸ್ಟೀಫೆನ್ಸಿಯ ವಿಷಯದಲ್ಲಿ ನಮಗಿರುವ ಅನುಕೂಲವೆಂದರೆ ನಗರದಲ್ಲಿ ಅದು ಹುಟ್ಟುವ ಜಾಗವೆಲ್ಲ ಮನುಷ್ಯನೇ ಕಟ್ಟಿದ್ದು, ಎಣಿಸಬಹುದಾದದ್ದು. 1911ರಲ್ಲಿ ಮುಂಬಯಿಯ ಮಲೇರಿಯಾ ತನಿಖೆ ಮಾಡಿದ ಬೆಂಟ್ಲಿ ಬಾವಿಗಳತ್ತ ಬೊಟ್ಟು ಮಾಡಿದರು. ಬಾವಿಗಳನ್ನು ಮುಚ್ಚುವ ಅಥವಾ ಜಾಲರಿ ಬಾಗಿಲಿಡುವ ಕೆಲಸ ಅಲ್ಲಿ ಆಗಲೇ ಶುರುವಾಯಿತು.

ಟ್ಯಾಂಕಿಗೆ ಮುಚ್ಚಳ ಇದೆಯೇ ಎಂದು ಕೇಳಿದರೆ ಸಾಲದು. ಸೊಳ್ಳೆ ಹೋಗುವುದು ಓವರ್‌ಫ್ಲೋ ಪೈಪಿನಿಂದ, ಗಾಳಿ ಕೊಳವೆಯಿಂದ, ನೀರಿನ ಪೈಪ್ ಒಳಹೋಗುವ ತೂತಿನ ಸುತ್ತಲಿನ ಸಂದಿಯಿಂದ, ಬಿಸಿಲಿಗೆ ಸೀಳಿದ ಪ್ಲಾಸ್ಟಿಕ್ ಮುಚ್ಚಳದಿಂದ. ಓವರ್‌ಫ್ಲೋ ಮತ್ತು ಗಾಳಿ ಕೊಳವೆಗೆ 1.2 ಮಿಲಿಮೀಟರಿಗಿಂತ ದೊಡ್ಡದಲ್ಲದ ಕಣ್ಣಿನ ಸ್ಟೇನ್‌ಲೆಸ್ ಸ್ಟೀಲ್ ಅಥವಾ ನೈಲಾನ್ ಜಾಲರಿ ಕಟ್ಟಿ ಕ್ಲ್ಯಾಂಪ್ ಬಿಗಿಯಬೇಕು. ತಂತಿ ಸುತ್ತಿದರೆ ಒಂದು ಮಳೆಗಾಲದಲ್ಲೇ ತುಕ್ಕು ಹಿಡಿದು ಬೀಳುತ್ತದೆ. ಜಾಲರಿಗೆ ಪಾಚಿ ಕಟ್ಟುತ್ತದೆ, ಆಗಾಗ ಉಜ್ಜದಿದ್ದರೆ ನೀರು ಮುಚ್ಚಳದ ಕಡೆಯಿಂದ ಉಕ್ಕುತ್ತದೆ, ಆಗ ಯಾರೋ ಜಾಲರಿಯನ್ನೇ ಕಿತ್ತು ಬಿಸಾಡುತ್ತಾರೆ. ಹೆಚ್ಚಿನ ಟ್ಯಾಂಕುಗಳ ಕಥೆ ಕೆಡುವುದು ಇಲ್ಲಿಯೇ.

ಕಟ್ಟಡದ ಜಾಗದಲ್ಲಿ ತೊಂದರೆಯ ಮೂಲ ಕ್ಯೂರಿಂಗ್. ಭಾರತೀಯ ಮಾನಕ 456ರ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿಗೆ 10 ದಿನ ಕಾಂಕ್ರೀಟನ್ನು ಒದ್ದೆಯಾಗಿಡಬೇಕು. ಅಂಚಿಗೆ ಗಾರೆ ಕಟ್ಟಿ ನೀರು ನಿಲ್ಲಿಸಿದರೆ ಇದು ಸೊಳ್ಳೆಯ ಜೀವನಚಕ್ರಕ್ಕೆ ಹೇಳಿ ಮಾಡಿಸಿದ ಅವಧಿ. ಆರನೇ ದಿನ ನೀರು ಪೂರ್ತಿ ಗುಡಿಸಿ ತೆಗೆದು ಮತ್ತೆ ತುಂಬಿದರೆ, ಅಥವಾ ಒದ್ದೆ ಗೋಣಿತಾಟು ಹಾಸಿ ಕ್ಯೂರಿಂಗ್ ಮಾಡಿದರೆ, ಕಾಂಕ್ರೀಟಿಗೂ ನಷ್ಟವಿಲ್ಲ. ಲಿಫ್ಟ್ ಗುಂಡಿ ಮಾತ್ರ ಯಾರ ಕಣ್ಣಿಗೂ ಬೀಳದೆ ತಿಂಗಳುಗಟ್ಟಲೆ ನೀರು ತುಂಬಿಕೊಂಡಿರುತ್ತದೆ. ಮಂಗಳೂರಿನಲ್ಲಿ 2015ರಿಂದ ಟ್ಯಾಬ್ಲೆಟ್ ಕಂಪ್ಯೂಟರ್ ಮೂಲಕ ಪ್ರತಿ ಪ್ರಕರಣವನ್ನು ನಕ್ಷೆಯ ಮೇಲೆ ದಾಖಲಿಸಿ, ಆ ಮನೆಯ ಸುತ್ತಮುತ್ತ ತಕ್ಷಣ ಹುಡುಕುವ ಪದ್ಧತಿ ಬಂದದ್ದು ಇಂಥ ಜಾಗಗಳಿಗಾಗಿಯೇ.

ನೀರು ಖಾಲಿ ಮಾಡಲಾಗದ ಕಡೆ ಲಾರ್ವಾನಾಶಕ. ಟೆಮೆಫಾಸ್ 1% ಹರಳಾದರೆ 1,000 ಲೀಟರಿಗೆ 100 ಗ್ರಾಂ, ಅಂದರೆ ಲೀಟರಿಗೆ 1 ಮಿಲಿಗ್ರಾಂ. ಕುಡಿಯುವ ನೀರಿಗೆ ಅದಕ್ಕಿಂತ ಹೆಚ್ಚು ಸಲ್ಲದು. ಬಿಟಿಐ ಒಂದು ಬ್ಯಾಕ್ಟೀರಿಯಾ. ಅದರ ಪ್ರೋಟೀನ್ ಹರಳನ್ನು ಲಾರ್ವಾ ತಿಂದಾಗ ಕರುಳಿನ ಕ್ಷಾರದಲ್ಲಿ ಕರಗಿ ಕರುಳಿನ ಗೋಡೆಯನ್ನು ತೂತು ಮಾಡುತ್ತದೆ. ಹಲವು ಬಗೆಯ ವಿಷ ಒಟ್ಟಿಗೆ ಇರುವುದರಿಂದ ಪ್ರತಿರೋಧ ಹುಟ್ಟುವುದು ಕಷ್ಟ. ಆದರೆ ತಿಂದರೆ ಮಾತ್ರ ಕೆಲಸ. ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಪ್ಯೂಪಾಗಳು ಏನನ್ನೂ ತಿನ್ನುವುದಿಲ್ಲ. ಅವು ಕಂಡ ಟ್ಯಾಂಕಿಗೆ ಬಿಟಿಐ ಹಾಕಿ ಬಂದರೆ ಎರಡು ದಿನದಲ್ಲಿ ಅಷ್ಟೂ ಸೊಳ್ಳೆಗಳು ಹಾರುತ್ತವೆ, ಔಷಧದ ಮೇಲೆ ಅಪವಾದ ಬರುತ್ತದೆ. ಪ್ಯೂಪಾ ಕಂಡರೆ ಬಲೆಯಿಂದ ಎತ್ತಬೇಕು ಇಲ್ಲವೇ ನೀರು ಚೆಲ್ಲಬೇಕು. ಬಾವಿಗಳಿಗೆ ಕರ್ನಾಟಕದ ಹಳ್ಳಿಗಳಲ್ಲಿ ಗಪ್ಪಿ ಮೀನು ಬಿಟ್ಟು ಒಳ್ಳೆಯ ಫಲ ಕಂಡದ್ದುಂಟು. ಲಾರ್ವಾ ತಿನ್ನುವ ಇನ್ನೊಂದು ಮೀನಾದ ಗ್ಯಾಂಬೂಸಿಯಾವನ್ನು ಕೆರೆ ತೊರೆಗಳಿಗೆ ಬಿಡಬಾರದು, ಸ್ಥಳೀಯ ಮೀನುಮರಿಗಳನ್ನು ಅದು ಉಳಿಸದು.

ಗಂಡನ್ನು ಬಿಟ್ಟು ಹೆಣ್ಣನ್ನು ಹಿಡಿಯುವುದು

ಗಂಡು ಸೊಳ್ಳೆ ಕಚ್ಚುವುದಿಲ್ಲ. ಹೆಣ್ಣು ಸಾಮಾನ್ಯವಾಗಿ ಜೀವಮಾನದಲ್ಲಿ ಒಮ್ಮೆ ಮಾತ್ರ ಕೂಡಿ, ಆ ವೀರ್ಯವನ್ನೇ ಕೂಡಿಟ್ಟುಕೊಂಡು ಪ್ರತಿ ಸಲ ಬಳಸುತ್ತದೆ. ವಂಶವಾಹಿ ತಂತ್ರಗಳೆಲ್ಲ ನಿಂತಿರುವುದು ಈ ಎರಡು ಸಂಗತಿಗಳ ಮೇಲೆ. ಬಂಜೆ ಗಂಡಿನೊಡನೆ ಕೂಡಿದ ಹೆಣ್ಣಿನ ಇಡೀ ಸಂತಾನ ನಷ್ಟ. ಕಾಡು ಗಂಡುಗಳು 10,000 ಇದ್ದು 90,000 ಬಂಜೆ ಗಂಡು ಬಿಟ್ಟರೆ, ಎರಡೂ ಸಮಬಲವೆಂದುಕೊಂಡರೆ, ಹತ್ತರಲ್ಲಿ ಒಂಬತ್ತು ಕೂಡಿಕೆ ವ್ಯರ್ಥ. ಸಾಕಿದ ಗಂಡುಗಳು ಕಾಡಿನವಕ್ಕಿಂತ ಬಡವಾಗಿರುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು ಬೇಕು. ಅದೇ, ಮುಚ್ಚಳ ಜಾಲರಿಗಳಿಂದ ಕಾಡು ಗಂಡುಗಳನ್ನು ಮೊದಲೇ 1,000ಕ್ಕೆ ಇಳಿಸಿದ್ದರೆ 9,000 ಸಾಕು.

ಎಲ್ ಸಾಲ್ವಡಾರ್‌ನ ಅಪಾಸ್ತೆಪೆಕೆ ಸರೋವರದ ಬಳಿ 1972ರಲ್ಲಿ ಅನಾಫಿಲಿಸ್ ಆಲ್ಬಿಮಾನಸ್‌ನ 43 ಲಕ್ಷಕ್ಕೂ ಹೆಚ್ಚು ಬಂಜೆ ಗಂಡುಗಳನ್ನು ಬಿಟ್ಟಾಗ ಅಲ್ಲಿನ ಸೊಳ್ಳೆಸಂತತಿ ಬಹುತೇಕ ಅಳಿಯಿತು. ಸುತ್ತ ಬೇರೆ ಸೊಳ್ಳೆ ಇಲ್ಲದ ಪುಟ್ಟ ಜಾಗವದು. ಆಮೇಲೆ ವಿಶಾಲವಾದ ಕರಾವಳಿಯಲ್ಲಿ ಮಾಡಿದ ಪ್ರಯತ್ನವನ್ನು ಹೊರಗಿನಿಂದ ಹಾರಿಬಂದ, ಆಗಲೇ ಕೂಡಿದ್ದ ಹೆಣ್ಣುಗಳು ಹಾಳುಮಾಡಿದವು. ಆ ಪ್ರಯತ್ನದಲ್ಲಿ ಒಂದು ಜಾಣತನವಿತ್ತು. ಪ್ರೊಪಾಕ್ಸರ್ ಔಷಧಕ್ಕೆ ಪ್ರತಿರೋಧ ಕೊಡುವ ಜೀನನ್ನು ವೈ ವರ್ಣತಂತುವಿಗೆ ಜೋಡಿಸಿ, ಎಳೆಯ ಹಂತದಲ್ಲೇ ಔಷಧ ಕೊಟ್ಟು ಹೆಣ್ಣುಗಳನ್ನೆಲ್ಲ ಕೊಂದರು. ಇದು ಏಕೆ ಬೇಕೆಂದರೆ ಈಡಿಸ್‌ನಲ್ಲಿ ಹೆಣ್ಣು ಪ್ಯೂಪಾ ದೊಡ್ಡದು, ಜರಡಿಯಲ್ಲೇ ಬೇರ್ಪಡಿಸಬಹುದು. ಅನಾಫಿಲಿಸ್‌ನಲ್ಲಿ ಗಾತ್ರದ ವ್ಯತ್ಯಾಸ ಅಷ್ಟಿಲ್ಲ. ತಪ್ಪಿ ಬಿಟ್ಟ ಪ್ರತಿ ಹೆಣ್ಣೂ ಕಚ್ಚುವ ಸೊಳ್ಳೆಯೇ. ಸ್ಟೀಫೆನ್ಸಿಯ ವೈ ವರ್ಣತಂತುವಿನಲ್ಲಿ ಸಿಕ್ಕ ಗೈ1 ಎಂಬ ಜೀನ್ ಇಲ್ಲಿ ಆಸೆ ಹುಟ್ಟಿಸುತ್ತದೆ: ಅದನ್ನು ಬೇರೆ ವರ್ಣತಂತುವಿಗೆ ಸೇರಿಸಿದಾಗ, ಅದನ್ನು ಪಡೆದ ಹೆಣ್ಣುಗಳೆಲ್ಲ ಎಳೆಯದರಲ್ಲೇ ಸತ್ತವು, ಗಂಡುಗಳಿಗೆ ಏನೂ ಆಗಲಿಲ್ಲ.

2024ರ ಮೇ ತಿಂಗಳಲ್ಲಿ ಜಿಬೂಟಿಯಲ್ಲಿ ಆಕ್ಸಿಟೆಕ್ ಕಂಪನಿಯ ಸ್ಟೀಫೆನ್ಸಿ ಗಂಡುಗಳನ್ನು ಹೊರಗೆ ಬಿಡಲಾಯಿತು. ಇವುಗಳ ಹೆಣ್ಣುಮಕ್ಕಳು ಬೆಳೆಯುವ ಮುನ್ನವೇ ಸಾಯುತ್ತವೆ, ಗಂಡುಮಕ್ಕಳು ಬದುಕಿ ಜೀನನ್ನು ಒಯ್ಯುತ್ತವೆ. ಪ್ರತಿ ಪೀಳಿಗೆಗೆ ಅರ್ಧರ್ಧವಾಗಿ ಜೀನ್ ಕರಗುತ್ತದೆ, ಬಿಡುವುದನ್ನು ನಿಲ್ಲಿಸಿದರೆ ಕೆಲ ಪೀಳಿಗೆಗಳಲ್ಲಿ ಮರೆಯಾಗುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಇದು ಗುಣ, ಖರ್ಚಿನ ದೃಷ್ಟಿಯಿಂದ ದೋಷ.

ಜೀನ್ ಡ್ರೈವ್ ಇದಕ್ಕೆ ವಿರುದ್ಧ. ಕ್ಯಾಸ್9 ಎಂಬ ಕತ್ತರಿ ಕಿಣ್ವ ಮತ್ತು ಅದಕ್ಕೆ ದಾರಿ ತೋರುವ 20 ಅಕ್ಷರದ ಗೈಡ್ ಆರ್‌ಎನ್‌ಎ, ಇವೆರಡರ ಜೀನ್‌ಗಳನ್ನು ಅವು ಕತ್ತರಿಸುವ ಜಾಗದಲ್ಲೇ ಕೂರಿಸುತ್ತಾರೆ. ಮೊಟ್ಟೆ–ವೀರ್ಯ ತಯಾರಾಗುವ ಕೋಶಗಳಲ್ಲಿ ಕತ್ತರಿ ಜೋಡಿಯ ಇನ್ನೊಂದು ವರ್ಣತಂತುವನ್ನು ಕಡಿಯುತ್ತದೆ. ಗಾಯ ಮಾಯುವಾಗ ಕೋಶ ಡ್ರೈವ್ ಇರುವ ಪ್ರತಿಯನ್ನು ಮಾದರಿಯಾಗಿಟ್ಟುಕೊಂಡು ನಕಲಿಸುತ್ತದೆ. ಒಂದು ಪ್ರತಿ ಎರಡಾಯಿತು. ಮೆಂಡಲ್ ಪ್ರಕಾರ ಅರ್ಧ ಮಕ್ಕಳಿಗೆ ಹೋಗಬೇಕಾದದ್ದು 2015ರ ಸ್ಟೀಫೆನ್ಸಿ ಪ್ರಯೋಗದಲ್ಲಿ ಸುಮಾರು 99.5% ಮಕ್ಕಳಿಗೆ ಹೋಯಿತು. ಜೊತೆಯಲ್ಲಿ ಪರಾವಲಂಬಿಯ ವಿರುದ್ಧದ ಪ್ರತಿಕಾಯಗಳ ಜೀನ್‌ಗಳೂ ಸಾಗಿದವು.

ಇಂಥ ಸೊಳ್ಳೆ ತಯಾರಿಸುವುದು ಕೈಕೆಲಸ. ಇಟ್ಟು ಒಂದು ಒಂದೂವರೆ ಗಂಟೆಯಾದ ಮೊಟ್ಟೆ ಇನ್ನೂ ಬೂದುಬಣ್ಣದ್ದಿರುತ್ತದೆ. ಪೂರ್ತಿ ಕಪ್ಪಾದರೆ ಸಿಪ್ಪೆ ಗಟ್ಟಿಯಾಗಿ ಸೂಜಿ ಮುರಿಯುತ್ತದೆ, ತೀರ ಬಿಳಿಯಿದ್ದರೆ ಒಡೆಯುತ್ತದೆ. ಬೂದುಬಣ್ಣದವನ್ನು ಆರಿಸಿ, ಹಿಂಬದಿ ಒಂದೇ ಕಡೆ ಬರುವಂತೆ ಸಾಲಾಗಿ ಜೋಡಿಸಿ, ಆ ಹಿಂತುದಿಗೆ ಗಾಜಿನ ಅಥವಾ ಕ್ವಾರ್ಟ್ಸ್ ಸೂಜಿಯಿಂದ ಡಿಎನ್‌ಎ ಚುಚ್ಚುತ್ತಾರೆ. ಮುಂದೆ ಮೊಟ್ಟೆ, ವೀರ್ಯಗಳಾಗುವ ಕೋಶಗಳು ಮೂಡುವುದು ಅಲ್ಲಿಯೇ. ಆ ಕೋಶಗಳು ಮೂಡಿದ ಮೇಲೆ ಚುಚ್ಚಿದರೆ ಆ ಸೊಳ್ಳೆ ಬದಲಾಗಬಹುದು, ಅದರ ಮಕ್ಕಳಲ್ಲ. ಸೇರಿಸಿದ ಜೀನಿನೊಂದಿಗೆ ಕೆಂಪಾಗಿ ಹೊಳೆಯುವ ಪ್ರೋಟೀನಿನ ಗುರುತೂ ಇರುವುದರಿಂದ ಮುಂದಿನ ಪೀಳಿಗೆಯಲ್ಲಿ ಕೆಂಪು ಕಣ್ಣಿನ ಲಾರ್ವಾಗಳನ್ನು ಆರಿಸಿಕೊಳ್ಳಬಹುದು.

2015ರ ಡ್ರೈವ್ ಎಡವಿದ ಕಡೆಯೂ ಇದೆ. ಹೆಣ್ಣಿನಿಂದ ಡ್ರೈವ್ ಬಂದಾಗ ಮೊಟ್ಟೆಯಲ್ಲೇ ತುಂಬಿಕೊಂಡ ಕ್ಯಾಸ್9, ತಂದೆಯ ವರ್ಣತಂತುವನ್ನು ನಕಲಿಸಲು ಮಾದರಿ ಸಿಗುವ ಮೊದಲೇ ಕಡಿಯಿತು. ತುದಿಗಳು ಹೇಗೋ ಅಂಟಿಕೊಂಡವು, ಒಂದೆರಡು ಅಕ್ಷರ ಹೆಚ್ಚುಕಡಿಮೆಯಾದವು. ಇನ್ನು 20 ಅಕ್ಷರದ ವಿಳಾಸ ಹೊಂದುವುದಿಲ್ಲ, ಕತ್ತರಿಗೆ ಆ ಜಾಗ ಕಾಣುವುದಿಲ್ಲ. ಇದೇ ಡ್ರೈವ್ ಪ್ರತಿರೋಧ. 2020ರಲ್ಲಿ ಇದಕ್ಕೆ ಒಂದು ಉಪಾಯ ಮಾಡಿದರು. ಡ್ರೈವ್ ಕೂತದ್ದು ಕೆಎಚ್ ಎಂಬ ಜೀನಿನಲ್ಲಿ. ಅದಿಲ್ಲದ ಹೆಣ್ಣುಗಳು ರಕ್ತ ಹೀರಿದ ಮೇಲೆ ಹೆಚ್ಚಾಗಿ ಸಾಯುತ್ತವೆ. ಹೊಸ ಡ್ರೈವ್ ತನ್ನೊಂದಿಗೆ ಕೆಎಚ್‌ನ ಕೆಲಸ ಮಾಡುವ, ಆದರೆ ಅಕ್ಷರ ಬದಲಿಸಿದ ಪ್ರತಿಯನ್ನು ಒಯ್ಯುತ್ತದೆ. ಡ್ರೈವ್ ಇರುವ ಸೊಳ್ಳೆ ಆರೋಗ್ಯವಾಗಿರುತ್ತದೆ, ಕೆಟ್ಟ ಪ್ರತಿ ಎರಡೂ ಕಡೆಯಿಂದ ಬಂದ ಹೆಣ್ಣು ಬದುಕುವುದಿಲ್ಲ. ಪಂಜರಗಳಲ್ಲಿ 5ರಿಂದ 11 ಪೀಳಿಗೆಯೊಳಗೆ 95%ಕ್ಕೂ ಹೆಚ್ಚು ಸೊಳ್ಳೆಗಳಲ್ಲಿ ಡ್ರೈವ್ ನೆಲೆಸಿತು. 2025ರಲ್ಲಿ ಇನ್ನೂ ಸೂಕ್ಷ್ಮವಾದ ಕೆಲಸ ಪ್ರಕಟವಾಯಿತು. ಪರಾವಲಂಬಿ ಕರುಳಿಗೆ ಕಚ್ಚಿಕೊಳ್ಳಲು ಬಳಸುವ ಫ್ರೆಪ್1 ಪ್ರೋಟೀನಿನ 224ನೇ ಸ್ಥಾನದಲ್ಲಿ ಒಂದೇ ಅಮೈನೋ ಆಮ್ಲ ಬದಲಾಯಿಸಿದರೆ ಸೊಳ್ಳೆಗೆ ತೊಂದರೆಯಿಲ್ಲ, ಪರಾವಲಂಬಿಗೆ ದಾರಿಯಿಲ್ಲ. ಪಂಜರದಲ್ಲಿ ಆ ರೂಪ ಹತ್ತು ಪೀಳಿಗೆಯಲ್ಲಿ 25%ರಿಂದ 90% ದಾಟಿತು.

ಪಂಜರದಿಂದ ಊರಿಗೆ ಬರುವ ಮುನ್ನ ಮೊದಲು ನೋಡಬೇಕಾದದ್ದು ಆ 20 ಅಕ್ಷರ ಎಲ್ಲ ಕಾಡು ಸೊಳ್ಳೆಗಳಲ್ಲೂ ಒಂದೇ ಇದೆಯೇ ಎನ್ನುವುದನ್ನು. ಆಫ್ರಿಕದಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಗ್ಯಾಂಬಿಯೆ ಗುಂಪಿನ 765 ಕಾಡು ಸೊಳ್ಳೆಗಳ ಡಿಎನ್‌ಎ ಓದಿದಾಗ 5 ಕೋಟಿಗೂ ಹೆಚ್ಚು ಜಾಗಗಳಲ್ಲಿ ಅಕ್ಷರ ವ್ಯತ್ಯಾಸ ಸಿಕ್ಕಿತು. ಮಂಗಳೂರು, ಚೆನ್ನೈ, ದೆಹಲಿಯ ಸ್ಟೀಫೆನ್ಸಿಗಳನ್ನೂ ಹಾಗೆಯೇ ಓದದೆ ಗುರಿ ಆರಿಸಿದರೆ ಪ್ರತಿರೋಧ ಮೊದಲ ದಿನವೇ ಊರಲ್ಲಿ ಕೂತಿರುತ್ತದೆ. ಎರಡನೆಯದು ಸಂಖ್ಯೆ. ಕ್ಯಾಸ್9 ಕತ್ತರಿಯ ಪ್ರತಿ ಕಡಿತವೂ ಡ್ರೈವ್ ಪ್ರತಿರೋಧಕ್ಕೆ ಒಂದು ಅವಕಾಶ. ಸೊಳ್ಳೆಗಳು ಕೋಟಿಗಟ್ಟಲೆ ಇದ್ದರೆ ಕಡಿತಗಳೂ ಕೋಟಿಗಟ್ಟಲೆ, ಕೆಲಸ ಮಾಡುವ ಜೀನೂ ಉಳಿದು ಕತ್ತರಿಗೂ ಸಿಗದ ರೂಪ ಎಲ್ಲೋ ಒಂದು ಕಡೆ ಹುಟ್ಟಿಯೇ ಹುಟ್ಟುತ್ತದೆ. ಸಂತತಿ ಸಣ್ಣದಾದಷ್ಟೂ ಆ ಸಾಧ್ಯತೆ ಕಡಿಮೆ.

ಮೂರನೆಯದು ಜನರ ಒಪ್ಪಿಗೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸೇರಿ 1969ರಲ್ಲಿ ದೆಹಲಿಯಲ್ಲಿ ಶುರುಮಾಡಿದ ಸೊಳ್ಳೆಗಳ ವಂಶವಾಹಿ ನಿಯಂತ್ರಣ ಘಟಕ ಕ್ಯೂಲೆಕ್ಸ್‌ನ ಬಂಜೆ ಗಂಡುಗಳನ್ನು ಹಳ್ಳಿಗಳಲ್ಲಿ ಬಿಟ್ಟು ಪರೀಕ್ಷಿಸಿತ್ತು. ಅಮೆರಿಕದ ಹಣ, ಜನರಿಗೆ ಸರಿಯಾಗಿ ತಿಳಿಸದಿದ್ದುದು, ಜೈವಿಕ ಅಸ್ತ್ರದ ಅನುಮಾನ ಎಲ್ಲ ಸೇರಿ ವಿಷಯ ಸಂಸತ್ತಿಗೆ ಹೋಗಿ 1975ರಲ್ಲಿ ಘಟಕವೇ ಮುಚ್ಚಿತು. ತಂತ್ರ ಸೋತದ್ದಲ್ಲ, ಮಾತುಕತೆ ಸೋತದ್ದು. ಇಂದು ಇಂಥ ಸೊಳ್ಳೆಯನ್ನು ಹೊರಗೆ ಬಿಡಲು 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಬಂದ 1989ರ ನಿಯಮಗಳ ಪ್ರಕಾರ ಕೇಂದ್ರದ ಜೆನೆಟಿಕ್ ಎಂಜಿನಿಯರಿಂಗ್ ಸಮಿತಿಯ ಅನುಮತಿ ಬೇಕು. ಆ ಅರ್ಜಿಯ ಜೊತೆ ಬೇಕಾಗುವುದು ವಾರ್ಡ್‌ವಾರು ಅಂಕಿ: ಯಾವ ತಿಂಗಳಲ್ಲಿ ಎಷ್ಟು ಟ್ಯಾಂಕುಗಳಲ್ಲಿ ಲಾರ್ವಾ ಸಿಕ್ಕಿತು, ಅದು ಯಾವ ಬಗೆ, ಯಾವ ಔಷಧಕ್ಕೆ ಎಷ್ಟು ಶೇಕಡ ಸತ್ತಿತು. ಇವನ್ನೆಲ್ಲ ಕೂಡಿಹಾಕುವುದು ವಾರವಾರ ಏಣಿ ಹತ್ತಿ, ಎರಡು ಮೂರು ನಿಮಿಷ ಕಾದು, ಸೌಟು ಅದ್ದಿ ನೋಡುವ ಕ್ಷೇತ್ರ ಸಿಬ್ಬಂದಿ.